ಬಾಗಿಲಿಗೆ ಸಿಕ್ಕಿಸಿದ ಕೊಡೆ

ಪ್ರಮೀಳನ ಪಪ್ಪನಿಗೆ,

ಮೂಡಬಿದ್ರೆಗೆ ಅಕ್ಕನನ್ನು ನೋಡಲು ಹೋಗುತ್ತಿದ್ದೇನೆ. ಗಂಜಿ ಒಲೆಯ ಮೇಲೆ ಉಂಟು, ಒಣಮೀನಿನ ಚಟ್ನಿ ಭರಣಿಯಲ್ಲಿ. ಬೆಕ್ಕು ಬರುತ್ತದೆ, ಅಡುಗೆಕೋಣೆಯ ಚಿಲಕ ಹಾಕಿ. ಈಗ ನಿಮಗೆ ಚಿಲಕದ ಚಿಂತೆಯೂ ಇಲ್ಲವಲ್ಲ!

ಅದೇ ನನಗೆ ಅನುಮಾನ. ಮದುವೆಯಾದಂದಿನಿಂದ ಎಲ್ಲದಕ್ಕೂ ಹೆದರುತ್ತಿದ್ದ ಮನುಷ್ಯ, ಈ ಪ್ರಾಯದಲ್ಲಿ, ಪಾದ್ರಿಗಳ ಪ್ರಾರ್ಥನೆ ಕೂಟಕ್ಕೆ ಹೋಗಲು ತೊಡಗಿದ ಮೇಲೆ ಇಷ್ಟು ತಣ್ಣಗಾದದ್ದು ಹೇಗೆ? ಡಾಕ್ಟರು ಹೇಳಿದ ಏನನ್ನಾದರೂ ಮುಚ್ಚಿಡುತ್ತಿದ್ದೀರಾ ಅಂತ ನಿಮ್ಮ ಅಂಗಿಯ ಕಿಸೆಯನ್ನೂ ನೋಡಿದೆ. ನಶ್ಯದ ಡಬ್ಬಿ ಮಾತ್ರ ಇತ್ತು.

ಮೊನ್ನೆ ಬೇಕಂತಲೇ ಒಂದು ಬಸ್ಸು ಬಿಟ್ಟು ತಡವಾಗಿ ಬಂದೆ. ಮೊದಲಾದರೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತು ಕಂಡಕ್ಟರುಗಳನ್ನೆಲ್ಲ ವಿಚಾರಿಸುತ್ತಿದ್ದಿರಿ. ನನಗೆ ನಾಚಿಕೆಯಿಂದ ತಲೆಯೆತ್ತಲಿಕ್ಕೆ ಆಗುತ್ತಿರಲಿಲ್ಲ. ಮೊನ್ನೆ ನೋಡಿದರೆ ನೀವು ಉಂಡು, ಕೀರ್ತನೆ ಗುನುಗುತ್ತಾ ಕೂತಿದ್ದಿರಿ. ಕೇಳಿದ್ದಕ್ಕೆ, "ನಿನ್ನನ್ನು ಕರ್ತನ ಕೈಗೆ ಒಪ್ಪಿಸಿದ್ದೇನೆ ಮಾರಾಯ್ತಿ, ಇನ್ನೆಂತಕ್ಕೆ ಹೆದರುವುದು?" ಅಂದಿರಿ.

ಒಪ್ಪಿಸಿದ್ದು ಒಳ್ಳೆಯದೇ. ನಿಮ್ಮ ಮುಖವೂ ಗೆಲುವಾಗಿ ಉಂಟು, ಸುಳ್ಳು ಹೇಳಬಾರದು. ಆದರೆ ಇವತ್ತು ಸಂಜೆಯ ಬಸ್ಸಿಗೆ ಬರುತ್ತೇನೆ, ಬಿ.ಸಿ.ರೋಡಿಗೆ ಬನ್ನಿ. ಹೆದರಿಕೊಂಡು ಬರುವುದು ಬೇಡ, ಸುಮ್ಮನೆ ಬನ್ನಿ.

ಕೊಡೆ ಹುಡುಕಬೇಡಿ, ಬಾಗಿಲಿಗೇ ಸಿಕ್ಕಿಸಿದ್ದೇನೆ.

ಲೀಡಿಯಾ