ಸಂಡಿಗೆಗೆ ಬಿದ್ದ ಬಿಸಿಲು

೧೨ ಮಾರ್ಚ್ ೨೦೦೬, ಭಾನುವಾರ

ಸೊಂಟದ ನೋವು ಇವತ್ತೂ ಬಿಟ್ಟಿಲ್ಲ. ಮೂವತ್ತೆಂಟಕ್ಕೇ ಮೂಳೆ ಸವೆಯುತ್ತಿದೆ, ಮೈಯಲ್ಲಿ ವಿಟಮಿನ್ ಡಿ ಇಲ್ಲವೇ ಇಲ್ಲ ಎಂದು ಡಾಕ್ಟರಮ್ಮ ಹೇಳಿ ವಾರವಾಯಿತು. ಮಾತ್ರೆಯ ಜೊತೆಗೆ ಬಿಸಿಲಲ್ಲೂ ಕೂರಬೇಕಂತೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಹೊಲಿಯುವವಳಿಗೆ ಬಿಸಿಲು ಸಿಗುವುದು ಭಾನುವಾರ ಮಾತ್ರ. ತಾರಸಿಯ ಬೀಗದ ಕೈ ಓನರ್ ಆಂಟಿಯ ಹತ್ತಿರ. ನಾಚಿಕೆ ಬಿಟ್ಟು ಕೇಳಿದೆ.

"ಹೋಗಮ್ಮ, ಹಂಗೇ ನಮ್ ಸಂಡಿಗೆನೂ ನೋಡ್ಕೋ. ಕಾಗೆ ಕಾಟ ಜಾಸ್ತಿ" ಎಂದರು.

ಕೋಲು ಹಿಡಿದು ಎರಡು ಗಂಟೆ ಕಾದೆ. ಇಳಿದು ಬಂದಾಗ ಮಗಳು ಶಾಂತಲಾ, "ಅಮ್ಮ, ಬಿಸಿಲಲ್ಲೇ ಕೂತಿದ್ಯಾ?" ಎಂದಳು.

ಆಗ ಹೊಳೆಯಿತು. ಬಿಸಿಲು ಸರಿದಂತೆಲ್ಲ ಸಂಡಿಗೆಯ ಹಾಳೆಯನ್ನು ಎಳೆದು ಹಾಕಿದ್ದೆ. ನಾನು ಮಾತ್ರ ನೀರಿನ ಟ್ಯಾಂಕಿನ ನೆರಳಲ್ಲಿ, ತಲೆ ತುಂಬ ಸೆರಗು ಹೊದ್ದು ಕೂತಿದ್ದೆ. "ಕಪ್ಪಾಗ್ತೀಯ, ನೆರಳಿಗೆ ಬಾರೇ" ಎಂದು ಮದುವೆಗೆ ಮುಂಚೆ ಅವ್ವ ಕೂಗುತ್ತಿದ್ದಳು. ಅವ್ವ ಹೋಗಿ ಒಂಬತ್ತು ವರ್ಷವಾಯಿತು. ಮೈ ಇನ್ನೂ ಅವಳ ಮಾತು ಕೇಳುತ್ತಿದೆ.

ಸಂಜೆ ಆಂಟಿ ಒಂದು ಹಿಡಿ ಸಂಡಿಗೆ ತಂದುಕೊಟ್ಟರು. "ಮೂರು ಬಿಸಿಲು ಬಿತ್ತು ನೋಡು, ಚೆನ್ನಾಗ್ ಒಣಗಿದೆ" ಎಂದರು.

ನನ್ನ ಮೊದಲನೇ ಬಿಸಿಲಿಗೆ ಇನ್ನೂ ಏಳು ದಿನ.