ಬಂದ ದಾರಿಯಲ್ಲೇ ತಿರುಗಿದವಳು

ಚಳ್ಳಕೆರೆ,
೧೨ ನವೆಂಬರ್ ೨೦೨೫, ಬುಧವಾರ

ಅಪ್ಪನಿಗೆ,

ನಿನ್ನ ಮಗಳು ಸ್ವಪ್ನ ಮಾಡುವ ನಮಸ್ಕಾರ. ಅವ್ವನಿಗೂ ಹೇಳು, ರೊಪ್ಪದಲ್ಲಿರುವ ಕುರಿಗಳಿಗೂ ಹೇಳು. ಆ ಕೊಂಬು ಮುರಿದ ಟಗರಿಗೆ ಮಾತ್ರ ಬೇಡ. ಹೋದ ವರ್ಷ ನಾನು ಸೊಂಟ ಮುರಿದುಕೊಂಡು ಮನೆಗೆ ಬಂದಾಗ ಸರಿಯಾಗಿ ಸೊಂಟಕ್ಕೇ ಗುದ್ದಲು ಬಂದಿದ್ದ ಪಾಪಿ ಅದು.

ಕಾಗದ ತಡವಾಯಿತು, ಬೈಯಬೇಡ. ಸೋಮವಾರವೇ ಬರೆಯಲು ಕೂತೆ. ‘ಅಪ್ಪನಿಗೆ’ ಎಂದು ಬರೆದು ಮುಂದಕ್ಕೆ ಕೈ ಓಡದೆ ಹರಿದು ಹಾಕಿದೆ. ನಿನ್ನೆಯೂ ಅದೇ ಕಥೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ಅವ್ವ ಎತ್ತಿಕೊಂಡು, “ನಿಮ್ಮಪ್ಪ ಇಲ್ಲೇ ಕುಂತೈತೆ ಕಣವ್ವ, ಏನ್ ಹೇಳ್ಲಿ ಹೇಳು” ಅನ್ನುತ್ತಾಳೆ. ನಾನು ಹೇಳಬೇಕಾದದ್ದನ್ನು ಅವ್ವ ನಿನ್ನ ಕಿವಿಯ ಹತ್ತಿರ ಕೂಗಿದರೆ ಇಡೀ ಹಟ್ಟಿಗೆ ಕೇಳಿಸುತ್ತದೆ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು. ಬೇರೆಯವರ ಕೈಲಿ ಓದಿಸಿದರೆ ನನ್ನಾಣೆ.

ನಾನು ಚಳ್ಳಕೆರೆಯಲ್ಲೇ ಇದ್ದೇನೆ. ಬಸ್ಸು ಹತ್ತಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಊರು, ಆದರೂ ಬಂದಿಲ್ಲ. ರಾಮಾಂಜನೇಯಣ್ಣನ ಗ್ಯಾರೇಜಿನ ಮುಂದೆ, ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಮೊದಲ ರೇಸಿಗೆ ಹೊರಟ ದಿನ ನೀನೇ ನನ್ನನ್ನು ನಿನ್ನ ಹಳೇ ಗಾಡಿಯ ಹಿಂದೆ ಕೂರಿಸಿಕೊಂಡು ಬಂದು ಇಳಿಸಿದ್ದೆಯಲ್ಲ, ಅದೇ ಮರ.

ಏನಾಯಿತೆಂದು ಹೇಳಿಬಿಡುತ್ತೇನೆ. ಮೊನ್ನೆ ಚೆನ್ನೈಯಲ್ಲಿ ನಡೆದದ್ದು ವರ್ಷದ ಕೊನೆಯ ಬೈಕ್ ರೇಸು. ವರ್ಷದ ಅಂಕಗಳಲ್ಲಿ ನಾನು ಮೂರನೆಯವಳು. ಮೊದಲ ಮೂವರು ಹುಡುಗಿಯರಿಗೆ ಮುಂದಿನ ವರ್ಷಕ್ಕೆ ದೊಡ್ಡ ತಂಡದವರು ಹೊಸ ಗಾಡಿ ಕೊಡುತ್ತಾರೆ. ನನ್ನ ಹಿಂದೆಯೇ, ಹಿಮ್ಮಡಿ ತುಳಿಯುವಷ್ಟು ಹತ್ತಿರದಲ್ಲಿ ಹೊಸಪೇಟೆಯ ಮಾಲತಿ. ರಾಮಾಂಜನೇಯಣ್ಣ ಬಿಚ್ಚಿ, ಕಟ್ಟಿ, ಪೂಸಿ ಹೊಡೆದು ಓಡಿಸುತ್ತಿರುವ ನಮ್ಮ ಗಾಡಿಗೆ ಇನ್ನೊಂದು ವರ್ಷದ ಆಯುಸ್ಸಿಲ್ಲ. ಅಂದರೆ ಭಾನುವಾರದ ಓಟವೊಂದೇ ನನಗೆ ಉಳಿದಿದ್ದ ಬಾಗಿಲು. ಅದಕ್ಕೇ ಬಂದು ನೋಡಲೆಂದು ನಿನಗೊಂದು ಪಾಸು ಕಳಿಸಿದ್ದೆ. ಅದನ್ನು ರಾಮಾಂಜನೇಯಣ್ಣ ಮಡಚಿದ್ದು ಮಡಚಿದ ಹಾಗೇ ವಾಪಸ್ ತಂದುಕೊಟ್ಟ. “ನಿಮ್ಮಪ್ಪ ಮುಟ್ಲೂ ಇಲ್ಲ ಕಣಮ್ಮ, ಕುರಿ ಹೊಡ್ಕೊಂಡು ಹೊಂಟೇ ಬಿಟ್ಟ” ಅಂದ.

ಶುಕ್ರವಾರ ಪ್ರಾಕ್ಟೀಸ್. ಅವತ್ತಿನ ಓಟ ಲೆಕ್ಕಕ್ಕಿಲ್ಲ. ನೀನು ಹೊಸ ಹುಲ್ಲಿಗೆ ಮಂದೆ ಬಿಡುವ ಮೊದಲು ಒಬ್ಬನೇ ಒಂದು ಸುತ್ತು ಹೋಗಿ ಎಲ್ಲಿ ಮುಳ್ಳು, ಎಲ್ಲಿ ಗುಂಡಿ ಎಂದು ನೋಡಿ ಬರುತ್ತೀಯಲ್ಲ, ಅದೇ ಕೆಲಸ. ಯಾವ ತಿರುವಿನಲ್ಲಿ ಎಲ್ಲಿ ಬ್ರೇಕು, ಟೈರು ಎಷ್ಟು ಬಿಸಿಯಾದರೆ ಹಿಡಿಯುತ್ತದೆ, ಎಲ್ಲವನ್ನೂ ಅವತ್ತೇ ಕಲಿಯಬೇಕು. ನನ್ನ ಸೊಂಟ ಮುರಿದ ತಿರುವೂ ಅಲ್ಲೇ ಇದೆ. ಬೆಳಿಗ್ಗೆ ಅಲ್ಲಿಗೆ ಬಂದಾಗಲೆಲ್ಲ ಕೈ ತಾನಾಗಿಯೇ ಆಕ್ಸಿಲರೇಟರ್ ಬಿಟ್ಟುಬಿಡುತ್ತಿತ್ತು. ಥೂ, ನನ್ನ ಕೈಯೇ ನನ್ನ ಮಾತು ಕೇಳುತ್ತಿಲ್ಲ ಎಂದು ಅಳು ಬಂತು. ಹೆಲ್ಮೆಟ್ಟಿನೊಳಗೆ ಅತ್ತರೆ ಒರೆಸಿಕೊಳ್ಳಲೂ ಆಗುವುದಿಲ್ಲ ಅಪ್ಪ. ಸಂಜೆಯ ಹೊತ್ತಿಗೆ ಕೈ ಪಳಗಿತು. ರಾಮಾಂಜನೇಯಣ್ಣ ನನ್ನ ಟೈಮ್ ನೋಡಿ, “ಭಲೇ ನಾ ತಲ್ಲಿ!” ಎಂದು ಪಾನಾ ಹಿಡಿದುಕೊಂಡೇ ಕುಣಿದ. ಮೊಳಕಾಲ್ಮೂರಿನವನಲ್ಲವೇ, ಖುಷಿಗೂ ಸಂಕಟಕ್ಕೂ ತೆಲುಗೇ ಬೇಕು.

ಶನಿವಾರ ಕ್ವಾಲಿಫೈಯಿಂಗ್. ಭಾನುವಾರ ಯಾರು ಮುಂದಿನ ಸಾಲಿನಲ್ಲಿ ನಿಲ್ಲಬೇಕು, ಯಾರು ಹಿಂದೆ ಎಂಬುದು ಅವತ್ತು ತೀರ್ಮಾನ. ಎಲ್ಲರೂ ಒಟ್ಟಿಗೆ ಟ್ರ್ಯಾಕಿಗೆ ಇಳಿದರೂ ಒಬ್ಬರಿಗೊಬ್ಬರು ಪೈಪೋಟಿ ಅಲ್ಲ, ಗಡಿಯಾರದ ಜೊತೆ ಪೈಪೋಟಿ. ಕೊಟ್ಟ ಹೊತ್ತಿನೊಳಗೆ ಎಷ್ಟು ಸುತ್ತಾದರೂ ಹೊಡಿ, ಅದರಲ್ಲಿ ಅತಿ ಬೇಗ ಮುಗಿಸಿದ ಒಂದು ಸುತ್ತು ಮಾತ್ರ ಲೆಕ್ಕ. ಅಪ್ಪ, ನಾನು ಮೊದಲನೆಯವಳಾಗಿದ್ದೆ. ನಿಜವಾಗಿಯೂ. ಬೋರ್ಡಿನ ಮೇಲೆ ಎಲ್ಲರಿಗಿಂತ ಮೇಲೆ ನನ್ನ ಹೆಸರು. ಸುಮ್ಮನೆ ಗಾಡಿ ನಿಲ್ಲಿಸುವ ಪಿಟ್ಟಿಗೆ ಬಂದು ಕೂತಿದ್ದರೆ ಸಾಕಿತ್ತು. ಇನ್ನೊಂದು ಸುತ್ತು ನೋಡೋಣ ಅನ್ನಿಸಿತು.

ಆ ಸುತ್ತಿನಲ್ಲಿ ಮಾಲತಿ ನನ್ನ ಬೆನ್ನಿಗೇ ಇದ್ದಳು. ನನ್ನನ್ನು ಕೆಡವಿದ ಅದೇ ತಿರುವು ದಾಟಿದೆ. ಹಿಂದೆ ತಗಡು ಉಜ್ಜಿದ ಸದ್ದು. ತಿರುಗಿ ನೋಡಿದರೆ ಧೂಳು, ಅದರೊಳಗೆ ಗಾಡಿ, ಗಾಡಿಯ ಕೆಳಗೆ ಅವಳ ಕಾಲು. ಹಳದಿ ಬಾವುಟ ಬೀಸುತ್ತಿದ್ದರು. ಹಳದಿ ಬಾವುಟ ಅಂದರೆ ನಿಧಾನ ಮಾಡು, ಯಾರನ್ನೂ ಹಿಂದೆ ಹಾಕಬೇಡ, ಮುಂದಕ್ಕೆ ಹೋಗುತ್ತಿರು ಎಂದು. ಬಿದ್ದವರನ್ನು ಎತ್ತುವುದಕ್ಕೆ ಬೇರೆ ಜನ ಇದ್ದಾರೆ. ಇದೆಲ್ಲ ನನಗೆ ಬಾಯಿಪಾಠ, ಪರೀಕ್ಷೆ ಬರೆದೇ ಲೈಸೆನ್ಸ್ ತೆಗೆದುಕೊಂಡವಳು ನಾನು.

ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಟ್ರ್ಯಾಕೂ ಇರಲಿಲ್ಲ, ಬಾವುಟವೂ ಇರಲಿಲ್ಲ. ನಮ್ಮ ಮಂದೆ ಮೇಯುವ ಉಳ್ಳಾರ್ತಿ ಕಾವಲಿತ್ತು. ನಿನಗೆ ನೆನಪಿದೆಯಾ? ಸಂಜೆ ಮಂದೆ ಹೊಡೆದುಕೊಂಡು ಬರುವಾಗ ಒಂದು ಮರಿ ಹಿಂದೆ ಉಳಿದರೆ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಗಾಡಿ ತಿರುಗಿಸುತ್ತಿದ್ದೆ. ಕುದಾಪುರದ ಕಡೆ ಕಾವಲಿಗೆ ಅಡ್ಡಲಾಗಿ ಸರ್ಕಾರದವರ ಆ ಉದ್ದನೆಯ ಕಾಂಪೌಂಡು ಎದ್ದ ಮೇಲೆ ಒಂದು ದಿನ ನಾನು, “ಗೋಡೆ ಸುತ್ಕೊಂಡ್ ಹೋಗಾನ ಬಾರಪ್ಪ, ಆ ಕಡೆ ದಾರಿ ಸಲೀಸೈತೆ” ಅಂದೆ. ನೀನು ಬೈದೆ. “ಬಂದ ದಾರೀಲೇ ತಿರುಗ್ಬೇಕು ಕಣೇ. ಹಿಂದುಳಿದ ಮರಿ ಎಲ್ಲಿ ಬಿಟ್ವೋ ಅಲ್ಲೇ ನಿಂತಿರ್ತೈತೆ, ಕದಲಂಗಿಲ್ಲ. ಸುತ್ಕೊಂಡ್ ಹೋಗಾ ಹೊತ್ಗೆ ತೋಳ ಬರ್ತೈತೆ” ಅಂದೆ. ಗಾಡಿ ಓಡಿಸುವುದನ್ನು ನೀನು ನನಗೆ ಕಲಿಸಿದ್ದೇ ಹಾಗೆ ಮರಿ ಹುಡುಕುತ್ತ ಅಲ್ಲವೇ?

ಗಾಡಿ ತಿರುಗಿಸಿದೆ ಅಪ್ಪ. ಎಲ್ಲರೂ ಬರುವ ದಿಕ್ಕಿಗೆ ಎದುರಾಗಿ, ಟ್ರ್ಯಾಕಿನ ಅಂಚಿನಲ್ಲಿ ವಾಪಸ್ ಓಡಿಸಿದೆ. ರೇಸಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ತಿರುವಿನಿಂದ ಬಂದ ಒಬ್ಬ ಹುಡುಗಿ ನನ್ನನ್ನು ಕಂಡು ಹೌಹಾರಿ ಬ್ರೇಕ್ ಹಾಕಿ ಮಣ್ಣಿಗೆ ಇಳಿದಳು. ಪುಣ್ಯಕ್ಕೆ ಬೀಳಲಿಲ್ಲ. ಕೆಂಪು ಬಾವುಟ ಹಾರಿಸಿ ಎಲ್ಲವನ್ನೂ ನಿಲ್ಲಿಸಿದರು. ನಾನು ಮಾಲತಿಯ ಹತ್ತಿರ ಇಳಿಯುವಷ್ಟರಲ್ಲಿ ಅವಳು ತಾನೇ ಎದ್ದು ಕೂತಿದ್ದಳು. ಮಣಿಕಟ್ಟು ಉಳುಕಿತ್ತು, ಅಷ್ಟೇ. “ಹುಚ್ಚಿ ಏನೇ ನೀನು? ನೀ ಯಾಕ್ ಬಂದೆ? ಸಾಯ್ತಿದ್ದೆಲ್ಲೇ!” ಎಂದು ನನಗೇ ಬೈದಳು.

ರಾಮಾಂಜನೇಯಣ್ಣ ತಲೆಯ ಮೇಲೆ ಕೈ ಹೊತ್ತು ನೆಲಕ್ಕೆ ಕೂತುಬಿಟ್ಟಿದ್ದ. “ಏಂ ಚೇಸ್ತಿವಮ್ಮಾ, ಏಂ ಚೇಸ್ತಿವಿ” ಎಂದು ಅದೊಂದೇ ಮಾತು, ಏನು ಮಾಡಿಬಿಟ್ಟೆಯಮ್ಮ ಎಂದು. ಅಧಿಕಾರಿಗಳು ಒಳಗೆ ಕರೆಸಿದರು. ಅವರಲ್ಲೊಬ್ಬರು ಹಿರಿಯರು, ಒಳ್ಳೆಯವರು, ಒಂದು ಕಾಲದಲ್ಲಿ ತಾವೂ ಓಡಿಸಿದವರು. “ಯಾಕೆ ತಿರುಗಿದೆ?” ಎಂದು ಮೆತ್ತಗೆ ಕೇಳಿದರು. ಏನು ಹೇಳಲಿ? ಮರಿ, ಕಾವಲು, ತೋಳ ಅನ್ನಲೇ? “ನಿನ್ನ ಮನಸ್ಸು ಒಳ್ಳೆಯದೇ ಇರಬಹುದು ಮಗಳೇ. ಆದರೆ ಒಬ್ಬಳನ್ನು ಎತ್ತಲು ಹೋಗಿ ಇನ್ನೊಬ್ಬಳನ್ನು ಕೊಲ್ಲುತ್ತಿದ್ದೆ” ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಮೈಗೆ ಬೆಂಕಿ ಬಿದ್ದಂತೆ ಉರಿಯುತ್ತಿದ್ದರೂ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ನನ್ನ ಟೈಮ್ ಅಳಿಸಿಹಾಕಿದರು. ಭಾನುವಾರದ ರೇಸಿನಿಂದಲೂ ನನ್ನನ್ನು ಹೊರಗಿಟ್ಟರು. ಕೈ ಮುಗಿದೆ, ಎಲ್ಲರಿಗಿಂತ ಹಿಂದೆ ನಿಲ್ಲಿಸಿ, ಓಡಲಾದರೂ ಬಿಡಿ ಎಂದು ಕಾಲು ಹಿಡಿಯುವುದಕ್ಕೂ ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು ಕಿಟಕಿಯ ಕಡೆ ನೋಡಿದರು.

ಭಾನುವಾರ ನಾನು ನಮ್ಮ ಟೆಂಟಿನಲ್ಲೇ ಕೂತಿದ್ದೆ. ಗಾಡಿ ಸ್ಟ್ಯಾಂಡಿನ ಮೇಲೆ, ನಾನು ಅದರ ಪಕ್ಕದಲ್ಲಿ. ಮೊದಲು ಎಲ್ಲರೂ ನಿಧಾನವಾಗಿ ಒಂದು ಸುತ್ತು ಹೋಗಿ ಟೈರು ಬಿಸಿ ಮಾಡಿಕೊಂಡು ಬಂದು ಸಾಲಾಗಿ ನಿಲ್ಲುತ್ತಾರೆ. ಕೆಂಪು ದೀಪ ಆರಿದ ಕೂಡಲೇ ಹೊರಡಬೇಕು. ಆ ಸದ್ದು ನೀನು ಒಂದೇ ಒಂದು ಸಲ ಕೇಳಬೇಕಿತ್ತು ಅಪ್ಪ, ನಿನ್ನ ಕಿವಿಗೂ ಕೇಳಿಸುತ್ತಿತ್ತು. ನಾನು ಕಿವಿ ಮುಚ್ಚಿಕೊಂಡೆ. ನಾನು ನಿಲ್ಲಬೇಕಿದ್ದ ಜಾಗದಲ್ಲಿ ಬೇರೆಯವಳು ನಿಂತಿದ್ದಳಂತೆ. ಮಾಲತಿ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡೇ ಓಡಿಸಿ ಗುರಿ ಮುಟ್ಟಿದಳು. ವರ್ಷದ ಮೂರನೆಯ ಜಾಗ ಅವಳದಾಯಿತು, ಹೊಸ ಗಾಡಿಯೂ. ಸಂಜೆ ಬಂದು ನನ್ನ ಪಕ್ಕದಲ್ಲಿ ಕೂತು, ಅತ್ತು ಎದ್ದುಹೋದಳು. ಅವಳನ್ನು ಏನೆಂದು ಶಪಿಸಲಿ ಹೇಳು.

ಅಲ್ಲಿಗೆ ಎಲ್ಲ ಮುಗಿಯಿತು. ರಾಮಾಂಜನೇಯಣ್ಣ ಇನ್ನು ರೇಸಿನ ಸಹವಾಸ ಸಾಕೆಂದು ಇವತ್ತು ಗಾಡಿ ಬಿಚ್ಚಿಹಾಕುತ್ತಿದ್ದಾನೆ. ಒಂದೊಂದು ನಟ್ಟು ಡಬ್ಬಿಗೆ ಬಿದ್ದಾಗಲೂ ನನಗೆ ಕೇಳಿಸುತ್ತಿದೆ. “ಮನೆಗ್ ಹೋಗಮ್ಮ, ನಾನೇ ಬಿಟ್ ಬರ್ತೀನಿ” ಎಂದು ಮೂರು ದಿನದಿಂದ ಗೋಗರೆಯುತ್ತಿದ್ದಾನೆ. ಕಾಲು ಏಳುತ್ತಿಲ್ಲ. ರಾತ್ರಿ ಅವನ ಹೆಂಡತಿ ಸೂರಮ್ಮನ ಪಕ್ಕ ಮಲಗುತ್ತೇನೆ, ನಿದ್ದೆ ಬರುವುದಿಲ್ಲ. ಅನ್ನ ಸೇರುವುದಿಲ್ಲ. ನನಗೆ ಬೇರೆ ಏನೂ ಬರುವುದಿಲ್ಲ ಅಪ್ಪ. ಕುರಿ ಕಾಯುವುದು ಮತ್ತು ಗಾಡಿ ಓಡಿಸುವುದು, ಎರಡನ್ನೂ ನೀನೇ ಕಲಿಸಿದ್ದು.

ಈ ಕಾಗದವನ್ನು ರಾಮಾಂಜನೇಯಣ್ಣ ಸಂಜೆ ನಿನ್ನ ಕೈಗೇ ಕೊಡುತ್ತಾನೆ. ಪಾಸು ತಿರುಗಿಸಿದ ಹಾಗೆ ಇದನ್ನು ತಿರುಗಿಸಬೇಡ. ಅವ್ವನಿಗೆ ಮಂಡಿ ನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಲಿ. ದೊಡ್ಡವರನ್ನು ನಾನು ಹರಸುವ ಹಾಗಿಲ್ಲ. ಈ ಸಲ ಹುಟ್ಟಿದ ಮರಿಗಳೆಲ್ಲ ನೂರು ಕಾಲ ಚೆನ್ನಾಗಿರಲಿ, ಒಂದೂ ತೋಳನ ಬಾಯಿಗೆ ಬೀಳದಿರಲಿ.

ನಿನ್ನ ಮಗಳು,
ಸ್ವಪ್ನ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಈ ಮಾತಿಗಾಗಿಯೇ ಮೇಲಿನದನ್ನೆಲ್ಲ ಬರೆದೆ. ಹೋದ ವರ್ಷ ಬಿದ್ದು ಚೆನ್ನೈ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವ್ವ ಬಂದಳು, ರಾಮಾಂಜನೇಯಣ್ಣ ಬಂದ, ನೀನು ಬರಲಿಲ್ಲ. ಬಾಗಿಲು ಕಿರ್ ಅಂದಾಗಲೆಲ್ಲ ಕತ್ತು ಹೊರಳಿಸುತ್ತಿದ್ದೆ. “ಕುರಿ ಬಿಟ್ಟು ಹೆಂಗ್ ಬರ್ತೈತವ್ವ” ಅಂದಳು ಅವ್ವ. ಕುಂಟುತ್ತ ಮನೆಗೆ ಬಂದರೆ ನೀನು ನನ್ನ ಮುಖವನ್ನೂ ನೋಡದೆ ಕಂಬಳಿ ಹೊದ್ದು ರೊಪ್ಪಕ್ಕೆ ಹೋಗಿ ಮಲಗಿದೆ. ಅವತ್ತಿನಿಂದ ನನ್ನ ಜೊತೆ ಒಂದು ಮಾತಿಲ್ಲ. ಒಂದು ಮರಿ ಕಾಣದಿದ್ದರೆ ಕಾವಲೆಲ್ಲ ಜಾಲಾಡುವವನು ನೀನು. ನಾನು ಬಿದ್ದಾಗ ಯಾಕಪ್ಪ ತಿರುಗಿ ಬರಲಿಲ್ಲ? ಈ ಬೇವಿನ ಮರದ ಕೆಳಗೆ ನನ್ನನ್ನು ಇಳಿಸಿದ ದಿನ “ಹೋಗಿ ಬಾರವ್ವ, ಕರ್ಕೊಂಡ್ ಹೋಗಾಕೆ ನಾನೇ ಬರ್ತೀನಿ” ಅಂದಿದ್ದೆ. ನೀನು ಬಿಟ್ಟ ಜಾಗದಲ್ಲೇ ಇದ್ದೇನೆ ಅಪ್ಪ. ಕದಲಿಲ್ಲ.