ಬರೀ ಸ್ಪಿರಿಟ್ ಹಾಕಿದ ತಟ್ಟೆ

ಚಿಕ್ಕಮ್ಮನ ಪಾದ ಮುಟ್ಟಿ ಬರೆಯುತ್ತಿದ್ದೇನೆ. ಹೋದ ಕಾರ್ಡಿನಲ್ಲಿ ಬರೆದದ್ದನ್ನು ನಂಬಬೇಡ. ನೀನು ಕಷಾಯ ಮಾಡಿ ಕುಡಿಯುವ ಬಳ್ಳಿಯನ್ನು ನಮ್ಮ ಲ್ಯಾಬಿನ ಮೇಡಂ ಸ್ಪಿರಿಟ್ಟಿನಲ್ಲಿ ನೆನೆಸಿ, ಆ ರಸವನ್ನು ನಿನಗಾಗಿರುವಂಥ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳಿದ್ದ ತಟ್ಟೆಗೆ ಬಿಟ್ಟಿದ್ದರು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ತಳಕ್ಕೆ ಅಂಟಿಕೊಂಡಿದ್ದವೆಲ್ಲ ಸತ್ತು ರವೆಯ ಹಾಗೆ ತೇಲುತ್ತಿದ್ದವು. ತಟ್ಟೆ ತೊಳೆಯುವವಳು ನಾನು, ಸಂತೋಷ ತಡೆಯಲಾರದೆ ಅಂದೇ ನಿನಗೆ ಬರೆದುಬಿಟ್ಟೆ.

ನಿನ್ನೆ ಮೇಡಂ ಪಕ್ಕದ ತಟ್ಟೆ ತೋರಿಸಿದರು. ಅದಕ್ಕೆ ಬಳ್ಳಿಯ ರಸವಿಲ್ಲದ ಬರೀ ಸ್ಪಿರಿಟ್ ಹಾಕಿದ್ದರು. ಅಲ್ಲೂ ಎಲ್ಲ ಸತ್ತಿದ್ದವು.

"ಕೊಂದಿದ್ದು ಸ್ಪಿರಿಟ್ಟು ಕಣಮ್ಮ, ನಾನೇ ಜಾಸ್ತಿ ಹಾಕ್ಬಿಟ್ಟೆ. ಬಳ್ಳಿ ವಿಷಯ ಇನ್ನೂ ಏನೂ ಗೊತ್ತಿಲ್ಲ. ಗೊತ್ತಾದ್ರೂ ತಟ್ಟೆನೇ ಬೇರೆ, ಮೈಯೇ ಬೇರೆ. ನಿಮ್ ಚಿಕ್ಕಮ್ಮ ಆಪರೇಷನ್ ಬಿಟ್ಟಿಲ್ಲ ತಾನೆ?"

ಬಿಟ್ಟಿದ್ದಾರೆ ಎಂದೆ. ನನ್ನ ಕಾರ್ಡ್ ಓದಿ ನೀನು ಆಸ್ಪತ್ರೆಗೆ ಹೋಗಲೇ ಇಲ್ಲವೆಂದು ಚಿಕ್ಕಪ್ಪ ಬರೆದಿದ್ದರು.

ಈ ಕಾರ್ಡ್ ಸಿಕ್ಕಿದ ದಿನವೇ ಹೋಗಿ ಹೊಸ ತಾರೀಕು ಕೇಳು. ಮೇಡಂ ಎಂಟು ದಿನ ರಜೆ ಕೊಟ್ಟಿದ್ದಾರೆ, ಶನಿವಾರ ಹೊರಡುತ್ತೇನೆ. ಸೋಪಿಗೆ ಒಡೆದಿದ್ದ ಕೈ ವಾಸಿಯಾಗಿದೆ. ನನ್ನನ್ನು ಬೈಯುವುದೆಲ್ಲ ಇಟ್ಟುಕೊಂಡಿರು, ಆಪರೇಷನ್ ಆದಮೇಲೆ ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಳ್ಳುತ್ತೇನೆ.

ನಿನ್ನ ಅಕ್ಕನ ಮಗಳು